ತೆರೆಯ ಮೇಲಿನ ಮುದ್ರೆ

ಕೊಯ್ಲು ಮುಗಿದು ಗದ್ದೆಗಳು ಬರಿದಾದ ಮೇಲೆ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಇರುಳುಗಳಿಗೆ ಬೇರೊಂದು ಕಳೆ ಬರುತ್ತದೆ. ಹೊತ್ತು ಕಂತಿ ಕತ್ತಲೆ ಕವಿಯುವ ವೇಳೆಗೆ ದೂರದ ಯಾವುದೋ ಬಯಲಿನಿಂದ ಚಂಡೆಯ ನಾದ ತೇಲಿಬರುತ್ತದೆ. ಆಗ ಆಟ ಇನ್ನೂ ಆರಂಭವಾಗಿರುವುದಿಲ್ಲ. ವೇಷಧಾರಿಗಳು ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಈ ವಾದನಕ್ಕೆ ‘ಕೇಳಿ’ ಎಂದು ಹೆಸರು. ಇಂದು ಇಲ್ಲಿ ಆಟವಿದೆಯೆಂದು ಸುತ್ತಣ ಊರುಗಳಿಗೆ ಸಾರುವುದೇ ಅದರ ಕೆಲಸ. ಅದು ಕಿವಿಗೆ ಬಿದ್ದೊಡನೆ ಜಗಲಿಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ‘ಯಾವ ಪ್ರಸಂಗ?’ ಎಂದಲ್ಲ, ‘ಯಾವ ಮೇಳ?’ ಎಂದು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ, ಕಮಲಶಿಲೆ—ಹೆಸರೊಂದನ್ನು ಕೇಳಿದರೆ ಸಾಕು, ಆ ಮೇಳದ ಭಾಗವತರಾರು, ಎರಡನೆಯ ವೇಷದವರಾರು, ಹಾಸ್ಯಗಾರರಾರು ಎಂಬುದೆಲ್ಲ ಕಣ್ಣ ಮುಂದೆ ಸುಳಿಯುತ್ತದೆ. ಹೋಗಬೇಕೋ ಬೇಡವೋ ಎಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ.

ಆಟಕ್ಕೆ ಹೋದರೂ ಕಥೆ ಕೂಡಲೇ ಎದುರಾಗುವುದಿಲ್ಲ. ಚೌಕಿಯಲ್ಲಿ ಗಣಪತಿಯ ಪೂಜೆಯಾಗಬೇಕು. ರಂಗಸ್ಥಳಕ್ಕೆ ಕೋಡಂಗಿಗಳು ಬಂದು ಕುಣಿಯಬೇಕು. ಬಾಲಗೋಪಾಲರು ಬರಬೇಕು, ಸ್ತ್ರೀವೇಷಗಳು ಬರಬೇಕು. ಇವೆಲ್ಲ ಮುಗಿದು ಒಡ್ಡೋಲಗವಾದ ಬಳಿಕವೇ ಪ್ರಸಂಗಕ್ಕೆ ಪ್ರವೇಶ. ಕಥೆಯ ಮುನ್ನ ಕಥೆಗಾರನ ಗುರುತು ಹೇಳುವ ಈ ಪದ್ಧತಿಯಲ್ಲಿ ಬೆಳೆದ ಜನಕ್ಕೆ, ಚಲನಚಿತ್ರದ ಮೊದಲಲ್ಲಿ ಗರ್ಜಿಸುವ ಸಿಂಹವಾಗಲಿ, ಟೆಲಿವಿಷನ್ ತೆರೆಯ ಮೇಲೆ ಸುತ್ತುತ್ತ ಬಂದು ನಿಲ್ಲುವ ಕಣ್ಣಾಗಲಿ ಅಪರಿಚಿತವೆನಿಸಲಿಲ್ಲ. ಅವೂ ಒಂದು ಬಗೆಯ ‘ಕೇಳಿ’ಯೇ. ಆದರೆ ಆ ಮುದ್ರೆಗಳು ಹುಟ್ಟಿದ್ದು ಜನರನ್ನು ಕರೆಯುವುದಕ್ಕಾಗಿ ಅಲ್ಲ. ಅವುಗಳ ಹುಟ್ಟಿನ ಹಿಂದೆ ಒಂದು ಕಳವಿನ ಕಥೆಯಿದೆ.

ಮಾಡಿದ ವಸ್ತುವಿನ ಮೇಲೆ ಮಾಡಿದವನು ಗುರುತು ಒತ್ತುವುದು ಈ ನೆಲದಲ್ಲಿ ಬಹಳ ಹಳೆಯ ರೂಢಿ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಬಾರಕೂರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ಆ ಅರಸರ ಚಿನ್ನದ ನಾಣ್ಯಗಳ ಒಂದು ಮೈಯಲ್ಲಿ ಜೋಡಿ ಮೀನುಗಳೂ ಇನ್ನೊಂದರಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವೂ ಕಾಣುತ್ತವೆ. ಓದಬಲ್ಲವನು ಬರಹವನ್ನು ನೋಡುತ್ತಿದ್ದನು; ಓದು ಬಾರದವನಿಗೆ ಮೀನುಗಳೇ ಸಾಕಾಗಿದ್ದವು. ಕಡಲ ಕರೆಯ ಸಂತೆಯಲ್ಲಿ ಮೀನನ್ನು ಗುರುತಿಸಲಾರದವರು ಯಾರಿದ್ದಾರು! ಹಂಚಿನ ಕಥೆಯೂ ಇಂಥದೇ. ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ನೋಡನೋಡುತ್ತಿದ್ದಂತೆ ಕರಾವಳಿಯ ಹೊಳೆದಂಡೆಗಳಲ್ಲಿ ಅಂಥ ಕಾರ್ಖಾನೆಗಳು ಎದ್ದವು. ಕುಂದಾಪುರದ ಸುತ್ತಮುತ್ತಲೂ ಎದ್ದವು. ಪ್ರತಿಯೊಂದು ಕಾರ್ಖಾನೆಯೂ ಹಸಿಮಣ್ಣಿನ ಹಂಚಿನ ಮೇಲೆ ತನ್ನ ಹೆಸರನ್ನೋ ಚಿತ್ರವನ್ನೋ ಅಚ್ಚೊತ್ತಿ ಸುಡುತ್ತಿತ್ತು. ಮಳೆಗಾಲದಲ್ಲಿ ಮಾಡು ಸೋರಿದರೆ ಹಂಚನ್ನು ತೆಗೆದು ಮಗುಚಿ ನೋಡಿದವನಿಗೆ ಯಾರನ್ನು ದೂರಬೇಕೆಂಬುದು ತಿಳಿಯುತ್ತಿತ್ತು. ವಚನಕಾರರ ಮತ್ತು ಹರಿದಾಸರ ಅಂಕಿತಗಳನ್ನೂ ಇಲ್ಲಿ ನೆನೆಯಬಹುದು. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಪುರಂದರವಿಠಲ’ ಎಂದೊಡನೆ ಪುರಂದರದಾಸರು ಎಂದು ತಿಳಿಯುವುದು ಆ ಅಂಕಿತದ ಬಲದಿಂದಲೇ. ಅಚ್ಚುಕೂಟವಿಲ್ಲದ ಕಾಲದಲ್ಲಿ ಬಾಯಿಂದ ಬಾಯಿಗೆ ಹಾರುತ್ತಿದ್ದ ಹಾಡಿಗೆ ಅಂಕಿತವೊಂದೇ ಕಾವಲು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಲಿಸುವ ಚಿತ್ರಗಳು ಹುಟ್ಟಿದಾಗ ಅವಕ್ಕೆ ಇಂಥ ಕಾವಲು ಇರಲಿಲ್ಲ. ಒಂದು ಸುರುಳಿಯನ್ನು ಕೊಂಡವನು ಅದರಿಂದ ಹತ್ತು ಪ್ರತಿಗಳನ್ನು ತೆಗೆದು ತನ್ನದೆಂದೇ ಮಾರಬಹುದಾಗಿತ್ತು. ಹೆಸರಿನ ಪಟ್ಟಿಯಿದ್ದರೆ ಅದನ್ನು ಕತ್ತರಿಸಿ ಎಸೆಯುವುದು ಕ್ಷಣದ ಕೆಲಸ. ಫ್ರಾನ್ಸಿನ ಜಾರ್ಜ್ ಮೇಲಿಯೆಸ್ ಎಂಬ ಮಾಂತ್ರಿಕ 1902ರಲ್ಲಿ ಚಂದ್ರಲೋಕದ ಯಾತ್ರೆಯನ್ನು ಕುರಿತು ಚಿತ್ರವೊಂದನ್ನು ತಯಾರಿಸಿದನು. ಅಟ್ಟೆಯ ಚಂದ್ರ, ಬಣ್ಣದ ಪರದೆ, ಕೈಯಿಂದ ಮಾಡಿದ ನೂರಾರು ಚಮತ್ಕಾರಗಳು. ಅಮೆರಿಕದಲ್ಲಿ ಆ ಚಿತ್ರಕ್ಕೆ ಜನ ಮುಗಿಬಿದ್ದರು. ಆದರೆ ಅಲ್ಲಿ ಪ್ರದರ್ಶನಗೊಂಡ ಪ್ರತಿಗಳಲ್ಲಿ ಎಷ್ಟೋ ಕಳ್ಳ ಪ್ರತಿಗಳು. ಅವುಗಳ ಹಣ ಮೇಲಿಯೆಸ್‌ನ ಕೈಸೇರಲಿಲ್ಲ. ಮರುವರ್ಷವೇ ಆತ ತನ್ನ ಅಣ್ಣನನ್ನು ಅಮೆರಿಕಕ್ಕೆ ಕಳುಹಿಸಿ ಶಾಖೆಯೊಂದನ್ನು ತೆರೆಯಬೇಕಾಯಿತು.

ಇದಕ್ಕೆ ಅಂದಿನ ತಯಾರಕರು ಕಂಡುಕೊಂಡ ಉಪಾಯ ಸ್ವಾರಸ್ಯವಾದುದು. ಮೊದಲಲ್ಲಿ ಹಾಕಿದ ಹೆಸರನ್ನು ಕಳ್ಳರು ಕತ್ತರಿಸುವರಾದರೆ, ಕತ್ತರಿಸಲು ಬಾರದ ಕಡೆಯಲ್ಲಿ ಗುರುತನ್ನು ಇಟ್ಟರಾಯಿತು! ಪಾಥೆ ಸಹೋದರರ ಸಂಸ್ಥೆಯ ಲಾಂಛನ ಒಂದು ಹುಂಜ. ಆ ಹುಂಜದ ಆಕೃತಿಯನ್ನು ಅವರು ಕಥೆ ನಡೆಯುವ ಕೋಣೆಯ ಗೋಡೆಗೇ ತೂಗುಹಾಕಿದರು. ಅಮೆರಿಕದ ಬಯೋಗ್ರಾಫ್ ಸಂಸ್ಥೆ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ವೃತ್ತವೊಂದರೊಳಗೆ ಬರೆದು ದೃಶ್ಯದ ಹಿನ್ನೆಲೆಯಲ್ಲಿ ಅಂಟಿಸಿತು. ಮೇಲಿಯೆಸ್ ತನ್ನ ನಕ್ಷತ್ರವನ್ನು ಇದೇ ರೀತಿ ದೃಶ್ಯದೊಳಕ್ಕೆ ಸೇರಿಸಿದನು. ಬಡವನ ಗುಡಿಸಲಿರಲಿ, ಅರಸನ ಅಂತಃಪುರವಿರಲಿ, ಗೋಡೆಯ ಮೇಲೆ ಆ ಗುರುತು ಇದ್ದೇ ಇರಬೇಕು. ಗಂಭೀರವಾದ ಶೋಕದೃಶ್ಯದಲ್ಲಿ ನಾಯಕಿಯ ತಲೆಯ ಮೇಲೊಂದು ಹುಂಜ ನಿಂತಿರುವುದು ನೋಡುವವರಿಗೆ ನಗೆ ತರಿಸಿದ್ದರೂ ಇರಬಹುದು. ಆದರೆ ತಯಾರಕನಿಗೆ ಅದು ನಗೆಯ ಮಾತಾಗಿರಲಿಲ್ಲ. ದುಡಿಮೆಯ ಫಲ ತನ್ನದೆಂದು ಸಾಧಿಸಲು ಅವನ ಬಳಿ ಇದ್ದ ಸಾಕ್ಷಿ ಅದೊಂದೇ.

ಕ್ರಮೇಣ ಕಾನೂನು ನೆರವಿಗೆ ಬಂದಿತು. 1912ರಲ್ಲಿ ಅಮೆರಿಕದ ಕೃತಿಸ್ವಾಮ್ಯದ ಶಾಸನಕ್ಕೆ ಚಲನಚಿತ್ರವೂ ಸೇರಿತು. ಹುಂಜ ಗೋಡೆಯಿಂದ ಇಳಿಯಿತು. ಲಾಂಛನಗಳು ದೃಶ್ಯದ ಒಳಗಿಂದ ಹೊರಬಂದು ಚಿತ್ರದ ಬಾಗಿಲಲ್ಲಿ ನಿಂತವು. ಕಾವಲುಗಾರನಾಗಿದ್ದ ಮುದ್ರೆ ಸ್ವಾಗತಕಾರನಾಯಿತು. ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯ ಸಿಂಹ 1924ರಲ್ಲಿ ಮೂಕವಾಗಿ ಬಂದಿತು. ನಾಲ್ಕು ವರ್ಷಗಳ ತರುವಾಯ ಅದರ ಗರ್ಜನೆ ಪ್ರೇಕ್ಷಕರ ಕಿವಿಗೆ ಬಿದ್ದಿತು. ಆ ಹುದ್ದೆಯಲ್ಲಿ ಒಂದಾದ ಮೇಲೊಂದರಂತೆ ಹಲವು ಸಿಂಹಗಳು ದುಡಿದಿವೆ.

ನಮ್ಮ ದೇಶದ ತಯಾರಕರು ಆರಿಸಿಕೊಂಡ ಚಿಹ್ನೆಗಳನ್ನು ನೋಡಿದರೆ ಯಕ್ಷಗಾನದ ‘ಕೇಳಿ’ ಮತ್ತೆ ನೆನಪಾಗುತ್ತದೆ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ ಮುಂದೆ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿಯ ಲಾಂಛನ, ಬಾಗಿದ ಕೊಂಬನ್ನು ಊದುತ್ತಿರುವ ಹೆಣ್ಣು. ಮದರಾಸಿನ ಜೆಮಿನಿ ಸಂಸ್ಥೆಯದು ಕಹಳೆ ಊದುವ ಅವಳಿ ಬಾಲಕರು. ರಾಜ್ ಕಪೂರರು ಮಾತ್ರ ಬೇರೆ ದಾರಿ ಹಿಡಿದರು: 1949ರ ‘ಬರ್ಸಾತ್’ ಚಿತ್ರದಲ್ಲಿ ಒಂದು ಕೈಯಲ್ಲಿ ಪಿಟೀಲನ್ನೂ ಇನ್ನೊಂದು ತೋಳಿನಲ್ಲಿ ನಾಯಕಿಯನ್ನೂ ಹಿಡಿದು ನಿಂತ ಭಂಗಿಯೇ ಅವರ ಸಂಸ್ಥೆಯ ಮುದ್ರೆಯಾಯಿತು. ಕರಾವಳಿಯವರಿಗೂ ಈ ಕಲೆಯ ಹುಚ್ಚು ಬೇಗನೆ ಹಿಡಿದಿತ್ತು. ಕೋಟದ ಶಿವರಾಮ ಕಾರಂತರು ಕಾದಂಬರಿ, ನಾಟಕ, ಯಕ್ಷಗಾನಗಳ ನಡುವೆ ಮೂಕಚಿತ್ರದ ತಯಾರಿಕೆಗೂ ಕೈಹಾಕಿದ್ದರು. ಅವರ ‘ಡೊಮಿಂಗೊ’ ಆ ಕಾಲದ್ದು.

ಟೆಲಿವಿಷನ್ನು ಬಂದಾಗ ವಿಷಯ ಸ್ವಲ್ಪ ತೊಡಕಾಯಿತು. ಚಿತ್ರಮಂದಿರದಲ್ಲಿ ಚಿತ್ರ ತೋರಿಸುವವನು ತನ್ನ ಗುರುತನ್ನು ತೆರೆಯ ಮೇಲೆ ಹಾಕುವುದಿಲ್ಲ. ಟೆಲಿವಿಷನ್ನಿನಲ್ಲಿ ಹಾಗಲ್ಲ, ಅಲ್ಲಿ ಇಬ್ಬರು ಒಡೆಯರಿದ್ದಾರೆ. ಪ್ರಸಾರ ಮಾಡುವ ವಾಹಿನಿ ಒಂದು, ಕಾರ್ಯಕ್ರಮವನ್ನು ತಯಾರಿಸಿಕೊಡುವ ನಿರ್ಮಾಣಸಂಸ್ಥೆ ಇನ್ನೊಂದು. ಹರಕೆಯ ಬಯಲಾಟವನ್ನು ಬಲ್ಲವರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ಗದ್ದೆ ಆಟ ಆಡಿಸುವ ಮನೆಯವರದು, ಆಟ ಮೇಳದ್ದು. ಚಪ್ಪರ ಕಟ್ಟಿ, ದೀಪ ಹಾಕಿ, ಬಂದವರಿಗೆ ಊಟ ಬಡಿಸಿದ ಮನೆಯವರನ್ನು ಜನ ಹೊಗಳುತ್ತಾರೆ. ಆದರೆ ಬೆಳಗಿನ ಜಾವದಲ್ಲಿ ಮನೆಗೆ ಮರಳುವಾಗ ಅವರ ಬಾಯಲ್ಲಿರುವುದು ಮೇಳದ ಮಾತು. ಟೆಲಿವಿಷನ್ನಿನಲ್ಲಿ ಈ ಪಾಲು ಬಹುಮಟ್ಟಿಗೆ ತಲೆಕೆಳಗಾಯಿತು. ಗದ್ದೆಯ ಒಡೆಯನ ಮುದ್ರೆ ದೊಡ್ಡದಾಯಿತು, ಮೇಳದ್ದು ಚಿಕ್ಕದಾಯಿತು.

ಪ್ರಸಾರಸಂಸ್ಥೆಗಳ ಮುದ್ರೆಗಳಲ್ಲಿ ಕಣ್ಣಿಗೆ ಮೊದಲಿನಿಂದಲೂ ವಿಶೇಷ ಸ್ಥಾನ. 1951ರಲ್ಲಿ ಅಮೆರಿಕದ ಸಿ.ಬಿ.ಎಸ್. ಸಂಸ್ಥೆಗಾಗಿ ವಿಲಿಯಂ ಗೋಲ್ಡನ್ ಎಂಬ ಕಲಾವಿದ ಒಂದು ಕಣ್ಣನ್ನು ರಚಿಸಿದನು. 1953ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಗಾಗಿ ಅಬ್ರಾಮ್ ಗೇಮ್ಸ್ ಎಂಬಾತ ರಚಿಸಿದ ಚಿಹ್ನೆಗೆ ಎರಡು ರೆಕ್ಕೆಗಳು, ನಡುವೆ ಕಣ್ಣಿನಂಥ ಬೊಟ್ಟು. ಕಂಪ್ಯೂಟರಿನ ನೆರವಿಲ್ಲದ ಕಾಲ ಅದು. ತಂತಿ ಮತ್ತು ಹಿತ್ತಾಳೆಯಿಂದ ನಿಜವಾಗಿಯೂ ಒಂದು ಯಂತ್ರವನ್ನು ಕಟ್ಟಿ, ಅದನ್ನು ತಿರುಗಿಸಿ ಚಿತ್ರ ತೆಗೆದರು. ನೋಡುವವರಿಗೆ ಕೆಲವೇ ಕ್ಷಣಗಳ ಬೆಳಕು. ಅದರ ಹಿಂದೆ ಎಷ್ಟೋ ದಿನಗಳ ಬಡಗಿಕೆಲಸ.

ಭಾರತದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾದ ಟೆಲಿವಿಷನ್ ಬಹುಕಾಲ ಆಕಾಶವಾಣಿಯ ಒಂದು ಅಂಗವಾಗಿತ್ತು. 1976ರ ಏಪ್ರಿಲ್ 1ರಂದು ಅದು ಪ್ರತ್ಯೇಕವಾಗಿ ‘ದೂರದರ್ಶನ’ವೆಂಬ ಸಂಸ್ಥೆಯಾದಾಗ ತನ್ನದೇ ಆದ ಗುರುತು ಬೇಕಾಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ರಚಿಸಿದ ಚಿಹ್ನೆ ಆಯ್ಕೆಯಾಯಿತು. ನಡುವೆ ಒಂದು ಗೋಳ. ಅದನ್ನು ಮೇಲಿಂದಲೂ ಕೆಳಗಿಂದಲೂ ತಬ್ಬಿ ಹಿಡಿದ ಎರಡು ಬಾಗುಗೆರೆಗಳು. ಎಲ್ಲ ಸೇರಿ ಒಂದು ಕಣ್ಣು. ಬೆಳಕಿನ ಗೆರೆಗಳು ತಿರುಗುತ್ತ ತಿರುಗುತ್ತ ಬಂದು ಕಣ್ಣಾಗಿ ಕೂಡಿಕೊಳ್ಳುವಂತೆ ಅದಕ್ಕೆ ಚಲನೆ ಕೊಟ್ಟರು. ಪಂಡಿತ ರವಿಶಂಕರ್ ಮತ್ತು ಶಹನಾಯಿವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನರ ಸಂಗೀತ ಅದರ ಜೊತೆಗೂಡಿತು. ತರಗತಿಯ ವಿದ್ಯಾರ್ಥಿಯೊಬ್ಬ ಕಾಗದದ ಮೇಲೆ ಗೀಚಿದ ಗೆರೆಗಳು ಕೋಟ್ಯಂತರ ಮನೆಗಳ ನಿತ್ಯದ ನೋಟವಾದುದು ಸಣ್ಣ ಸಂಗತಿಯಲ್ಲ.

1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಎಂಬತ್ತರ ದಶಕ ಮುಂದುವರಿದಂತೆ ಕರಾವಳಿಯ ಹಂಚಿನ ಮಾಡುಗಳ ನೆತ್ತಿಯಲ್ಲಿಯೂ ಆಂಟೆನಾಗಳು ಮೂಡಿದವು. ಊರಿಗೊಂದೋ ಎರಡೋ ಪೆಟ್ಟಿಗೆಗಳಿದ್ದ ದಿನಗಳವು. ಗಾಳಿ ಬೀಸಿದರೆ ಚಿತ್ರ ಚದರಿಹೋಗುತ್ತಿತ್ತು. ಒಬ್ಬ ಮಾಡು ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ ‘ಬಂತು, ಬಂತು’ ಎಂದು ಕೂಗುವುದು ಆ ಕಾಲದ ನಿತ್ಯದ ದೃಶ್ಯ. 1987ರ ಜನವರಿಯಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಆರಂಭವಾದಾಗ ಭಾನುವಾರದ ಬೆಳಗು ಬೀದಿಗಳೆಲ್ಲ ಬರಿದಾದವು. ರಾತ್ರಿಯಿಡೀ ರಾಮಾಯಣದ ಪ್ರಸಂಗ ನೋಡಿ ಬಂದವರು ಬೆಳಿಗ್ಗೆ ಮತ್ತೆ ಅದೇ ಕಥೆಯ ಮುಂದೆ ಕುಳಿತರು. ಮರುವರ್ಷ ಬಿ.ಆರ್. ಚೋಪ್ರಾರ ‘ಮಹಾಭಾರತ’ ಬಂದಿತು. ಕಣ್ಣಿನ ಮುದ್ರೆ ದೂರದರ್ಶನದ್ದು. ಆದರೆ ಜನ ‘ಸಾಗರರ ರಾಮಾಯಣ’, ‘ಚೋಪ್ರಾರ ಮಹಾಭಾರತ’ ಎಂದೇ ಹೇಳಿದರು. ಮೇಳದ ಹೆಸರು ಕೇಳುವ ಹಳೆಯ ಅಭ್ಯಾಸ ಅಷ್ಟು ಬೇಗ ಬಿಟ್ಟುಹೋಗುವುದೆಂತು?

ಅದೇ ದಿನಗಳಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಇಲ್ಲಿ ಹೇಳದೆ ಇರಲಾಗದು. ಆರ್.ಕೆ. ನಾರಾಯಣರ ಕಥೆಗಳನ್ನು ಟಿ.ಎಸ್. ನರಸಿಂಹನ್ ನಿರ್ಮಿಸಿದರು, ಶಂಕರನಾಗ್ ನಿರ್ದೇಶಿಸಿದರು. ಕುಂದಾಪುರದ ಕಡೆಯಿಂದ ಹೆಬ್ರಿ, ಸೋಮೇಶ್ವರಗಳನ್ನು ದಾಟಿ ಘಟ್ಟ ಹತ್ತಿದರೆ ಸಿಗುವ ಆಗುಂಬೆಯೇ ಆ ಕಥೆಗಳ ಕಾಲ್ಪನಿಕ ಊರಾಯಿತು. ಧಾರಾವಾಹಿಯ ಮೊದಲಲ್ಲಿ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಜೊತೆಗೆ ಎಲ್. ವೈದ್ಯನಾಥನ್ನರ ಸ್ವರಸಂಯೋಜನೆ. ಆ ಗುನುಗು ಕೇಳಿಸಿತೆಂದರೆ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಒಳಗೆ ಓಡಿಬರುತ್ತಿದ್ದರು. ನಿರ್ಮಾಣಸಂಸ್ಥೆಯ ಹೆಸರು ಅನೇಕರಿಗೆ ಮರೆತುಹೋಗಿರಬಹುದು. ಗೆರೆ ಮತ್ತು ಗುನುಗು ಇಂದಿಗೂ ಮರೆತಿಲ್ಲ. ಮುದ್ರೆಯೆಂದರೆ ಲೋಹದಲ್ಲಿ ಕೆತ್ತಿದ ಆಕೃತಿಯೇ ಆಗಬೇಕೆಂದೇನೂ ಇಲ್ಲ.

ನಿರ್ಮಾಣಸಂಸ್ಥೆಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಕಾರ್ಯಕ್ರಮದ ಕೊನೆಯ ಎರಡು ಮೂರು ಕ್ಷಣಗಳು. ಆ ಸಣ್ಣ ಅವಕಾಶವನ್ನು ಕೆಲವರು ಬಳಸಿಕೊಂಡ ಜಾಣ್ಮೆ ಮೆಚ್ಚತಕ್ಕದ್ದು. ಅಮೆರಿಕದ ನಟಿ ಮೇರಿ ಟೈಲರ್ ಮೂರ್ ಹೆಸರಿನಲ್ಲಿ 1969ರಲ್ಲಿ ಆರಂಭವಾದ ಎಂ.ಟಿ.ಎಂ. ಎಂಬ ಸಂಸ್ಥೆ ಸಿನಿಮಾ ಕಂಪನಿಯ ಸಿಂಹವನ್ನು ಗೇಲಿಮಾಡಲು ಒಂದು ಬೆಕ್ಕಿನ ಮರಿಯನ್ನು ಆರಿಸಿಕೊಂಡಿತು. ಸಿಂಹ ಗರ್ಜಿಸುವ ಬಂಗಾರದ ಚೌಕಟ್ಟಿನ ನಡುವೆ ಮರಿಬೆಕ್ಕು ಬಾಯಿ ತೆರೆದು ‘ಮಿಯಾಂವ್’ ಎನ್ನುತ್ತಿತ್ತು, ಅಷ್ಟೆ. ಮುಂದೆ ಧಾರಾವಾಹಿಗೆ ತಕ್ಕಂತೆ ಅದಕ್ಕೆ ವೇಷ ತೊಡಿಸಿದರು. ಪೊಲೀಸ್ ಠಾಣೆಯ ಕಥೆಯ ಕೊನೆಯಲ್ಲಿ ಅದರ ತಲೆಗೆ ಪೊಲೀಸರ ಟೊಪ್ಪಿಗೆ. ಪತ್ತೇದಾರಿ ಕಥೆಯಲ್ಲಿ ಪತ್ತೇದಾರನ ಟೊಪ್ಪಿಗೆ ಮತ್ತು ಚಿಲುಮೆ. ಆಸ್ಪತ್ರೆಯ ಕಥೆಯಲ್ಲಿ ಶಸ್ತ್ರವೈದ್ಯರ ಮುಖವಸ್ತ್ರ. ಆ ಆಸ್ಪತ್ರೆಯ ಧಾರಾವಾಹಿ 1988ರಲ್ಲಿ ಕೊನೆಗೊಂಡಾಗ, ಕೊನೆಯ ಕಂತಿನ ಕೊನೆಯಲ್ಲಿ ಬೆಕ್ಕು ಮಿಯಾಂವ್ ಎನ್ನಲಿಲ್ಲ. ಅದು ರೋಗಿಯಂತೆ ಮಲಗಿತ್ತು. ಪಕ್ಕದ ಯಂತ್ರದಲ್ಲಿ ಹೃದಯದ ಬಡಿತವನ್ನು ತೋರುವ ಗೆರೆ ಮೆಲ್ಲಗೆ ನೇರವಾಗಿಬಿಟ್ಟಿತು. ಎಂದೂ ಯಾರೂ ಗಮನಿಸದೆ ಎದ್ದುಹೋಗುತ್ತಿದ್ದ ಆ ಮೂರು ಕ್ಷಣಗಳಿಗೆ ಅಂದು ಕಥೆಯಷ್ಟೇ ತೂಕ ಬಂದಿತ್ತು.

ಆದರೆ ಇಂಥ ಉದಾಹರಣೆಗಳು ವಿರಳ. ಹೆಚ್ಚಿನ ಸಂಸ್ಥೆಗಳ ಗುರುತುಗಳು ಕೈಯಿಂದ ಕೈಗೆ ಮಾರಾಟವಾದವು. ಲ್ಯೂಸಿಲ್ ಬಾಲ್ ಮತ್ತು ಡೆಸಿ ಆರ್ನಾಜ್ ಎಂಬ ದಂಪತಿ ತಮ್ಮಿಬ್ಬರ ಹೆಸರುಗಳನ್ನು ಬೆಸೆದು ‘ಡೆಸಿಲು’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. 1967ರಲ್ಲಿ ಅದು ಮಾರಾಟವಾಗಿ ಬಹುಬೇಗನೆ ಪ್ಯಾರಮೌಂಟ್ ಸಂಸ್ಥೆಯ ಹೆಸರಿನೊಳಗೆ ಕರಗಿತು. ಹೀಗೆ ಕೊಂಡವರು ಹಳೆಯ ಕಾರ್ಯಕ್ರಮಗಳನ್ನು ಮರುಪ್ರಸಾರಕ್ಕೆ ಕೊಡುವಾಗ ಅನೇಕ ಬಾರಿ ಮೂಲ ತಯಾರಕರ ಮುದ್ರೆಯನ್ನು ತೆಗೆದು ತಮ್ಮದನ್ನು ಅಂಟಿಸುತ್ತಿದ್ದರು. ಕಾನೂನಿನ ಪ್ರಕಾರ ಅದು ತಪ್ಪಲ್ಲದಿರಬಹುದು. ಬಾರಕೂರಿನಲ್ಲಿಯೂ ವಿಜಯನಗರದ ಆಳ್ವಿಕೆ ಬಂದ ಮೇಲೆ ಆಳುಪರ ಮೀನುಗಳು ನಾಣ್ಯದಿಂದ ಮರೆಯಾದುವಷ್ಟೆ. ಆದರೂ ಮೂವತ್ತು ವರ್ಷ ಹಳೆಯದಾದ ನಾಟಕವೊಂದರ ಕೊನೆಯಲ್ಲಿ ನಿನ್ನೆ ಹುಟ್ಟಿದ ಸಂಸ್ಥೆಯ ಹೆಸರು ಹೊಳೆಯುವುದು, ಅಜ್ಜ ನೆಟ್ಟ ಮರಕ್ಕೆ ಕೊಂಡವನ ಹೆಸರಿನ ಹಲಗೆ ಹೊಡೆದಂತೆ ಕಾಣುತ್ತದೆ.

ಮುದ್ರೆಯ ಜಾಗವೂ ದಿನದಿನಕ್ಕೆ ಕಿರಿದಾಯಿತು. 1994ರಲ್ಲಿ ಅಮೆರಿಕದ ಎನ್.ಬಿ.ಸಿ. ವಾಹಿನಿ ಕಾರ್ಯಕ್ರಮದ ಕೊನೆಯ ಹೆಸರುಗಳನ್ನು ತೆರೆಯ ಒಂದು ಪಕ್ಕಕ್ಕೆ ಒತ್ತಿ, ಉಳಿದ ಭಾಗದಲ್ಲಿ ತನ್ನ ಮುಂದಿನ ಕಾರ್ಯಕ್ರಮದ ಪ್ರಚಾರವನ್ನು ತುಂಬತೊಡಗಿತು. ಉಳಿದವರೂ ಅದೇ ದಾರಿ ಹಿಡಿದರು. ನೋಡುವವನು ಒಂದು ಕ್ಷಣವೂ ಬೇರೆಡೆಗೆ ಹೋಗಬಾರದೆಂಬ ಆತುರ ಅದಕ್ಕೆ ಕಾರಣ. ಯಕ್ಷಗಾನದಲ್ಲಿಯೂ ಕಾಲಮಿತಿಯ ಪ್ರಯೋಗಗಳು ಬಂದ ಮೇಲೆ ಕೋಡಂಗಿ, ಬಾಲಗೋಪಾಲರ ಪಾಲಿನ ಹೊತ್ತು ಮೊಟಕಾಯಿತಲ್ಲವೆ? ಅವಸರದ ಕತ್ತರಿ ಮೊದಲು ತಾಗುವುದು ಇಂಥ ಪೂರ್ವಪೀಠಿಕೆಗಳಿಗೇ.

ಇತ್ತ ವಾಹಿನಿಗಳ ಸಂಖ್ಯೆ ಬೆಳೆಯಿತು. ಕನ್ನಡದಲ್ಲಿ 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, ಮುಂದೆ 2007ರಲ್ಲಿ ಸುವರ್ಣ ಬಂದವು. ಒಡೆತನ ಬದಲಾದಂತೆ ಹೆಸರುಗಳೂ ಬದಲಾದವು: ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು, ಸುವರ್ಣ 2016ರಲ್ಲಿ ಸ್ಟಾರ್ ಸುವರ್ಣವಾಯಿತು. ಎಷ್ಟೋ ಮನೆಗಳಲ್ಲಿ ಹಿರಿಯರು ಬಹುಕಾಲ ಹಳೆಯ ಹೆಸರಿನಿಂದಲೇ ಕರೆದರು. ದೂರದರ್ಶನವೂ 2017ರಲ್ಲಿ ಹೊಸ ಲಾಂಛನಕ್ಕಾಗಿ ಸಾರ್ವಜನಿಕರಿಂದ ರಚನೆಗಳನ್ನು ಆಹ್ವಾನಿಸಿತ್ತು. ಕೊನೆಗೆ ಉಳಿದದ್ದು ಆ ವಿದ್ಯಾರ್ಥಿಯ ಹಳೆಯ ಕಣ್ಣೇ. 2024ರ ಏಪ್ರಿಲಿನಲ್ಲಿ ಡಿಡಿ ನ್ಯೂಸ್ ವಾಹಿನಿಯ ಲಾಂಛನ ಕೆಂಪಿನಿಂದ ಕಿತ್ತಳೆಯ ಬಣ್ಣಕ್ಕೆ ತಿರುಗಿದಾಗ ದೇಶದಲ್ಲೆಲ್ಲ ಚರ್ಚೆ ನಡೆಯಿತು. ಬಣ್ಣ ಬದಲಾದರೆ ಯಾರೂ ಗಮನಿಸುವುದಿಲ್ಲವೆಂದು ಎಣಿಸುವವರು 1976ರಿಂದ ಆ ಕಣ್ಣನ್ನು ನೋಡುತ್ತ ಬಂದ ಜನರನ್ನು ತಿಳಿದವರಲ್ಲ.

ವಾಹಿನಿಗಳು ಹೆಚ್ಚಿದಂತೆ ಇನ್ನೊಂದು ಮಾರ್ಪಾಡಾಯಿತು. ಕಾರ್ಯಕ್ರಮದ ಮೊದಲಲ್ಲೋ ಕೊನೆಯಲ್ಲೋ ಇರುತ್ತಿದ್ದ ಮುದ್ರೆ ತೆರೆಯ ಮೇಲಿನ ಮೂಲೆಗೆ ಬಂದು, ಕಾರ್ಯಕ್ರಮ ಮುಗಿಯುವವರೆಗೂ ಅಲ್ಲಿಯೇ ನೆಲೆನಿಂತಿತು. ನೋಡುವವನಿಗೆ ತಾನು ಯಾವ ವಾಹಿನಿಯನ್ನು ನೋಡುತ್ತಿದ್ದೇನೆಂಬುದು ತಿಳಿಯಬೇಕು, ಅದೊಂದು ಕಾರಣ. ತಮ್ಮ ಚಿತ್ರವನ್ನು ಬೇರೆಯವರು ಮುದ್ರಿಸಿಕೊಂಡು ಬಳಸಿದರೆ ಮೂಲವು ಗೊತ್ತಾಗಬೇಕು, ಇದು ಇನ್ನೊಂದು. ಮನೆಮನೆಯಲ್ಲಿ ಮುದ್ರಣಯಂತ್ರಗಳು ಬಂದಿದ್ದ ಕಾಲವದು. ಗೋಡೆಯಿಂದ ಇಳಿದಿದ್ದ ಹುಂಜ ಎಂಟು ದಶಕಗಳ ತರುವಾಯ ಮತ್ತೆ ದೃಶ್ಯದ ಒಳಗೆ ಬಂದು ಕುಳಿತಿತು. ಕಾರಣವೂ ಹಳೆಯದೇ.

ಈಗ ಆ ಸಂಗತಿ ಕುಂದಾಪುರ ಸೀಮೆಯ ಪ್ರತಿಯೊಂದು ಅಂಗೈಯಲ್ಲಿಯೂ ನಡೆಯುತ್ತಿದೆ. ಇಲ್ಲಿಯ ಕಲಾವಿದರ ಹೆಸರಿನ ಮುಂದೆ ಊರಿನ ಹೆಸರು ಮುದ್ರೆಯಂತೆ ನಿಂತಿರುತ್ತದೆ. ಹಾರಾಡಿ ರಾಮ ಗಾಣಿಗರು, ಮಟಪಾಡಿ ವೀರಭದ್ರ ನಾಯಕರು—ಇವರ ಊರುಗಳ ಹೆಸರು ಬಡಗುತಿಟ್ಟಿನ ಎರಡು ಶೈಲಿಗಳಿಗೇ ಹೆಸರಾಗಿ ನಿಂತಿದೆ. ಚಲನಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ತಮ್ಮ ಊರಿನ ಹೆಸರನ್ನು ದೇಶದ ಚಿತ್ರಮಂದಿರಗಳ ತೆರೆಯ ಮೇಲೆ ಮೂಡಿಸಿದ್ದಾರೆ. ಕುಂದಾಪುರದ ಕನ್ನಡದಲ್ಲಿಯೇ ಚಿತ್ರಗಳನ್ನು ತಯಾರಿಸಿದ್ದಾರೆ. ಸಾಲಿಗ್ರಾಮದ ಬಳಿಯ ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ ಪಡೆದ ಜನಪ್ರೀತಿ ಅಸಾಧಾರಣ. 1990ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲಿ, ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅವರ ಕಂಠ ಧ್ವನಿಸುರುಳಿಗಳಲ್ಲಿ ಉಳಿಯಿತು. ಸುರುಳಿಯಿಂದ ಸುರುಳಿಗೆ ಪ್ರತಿ ತೆಗೆಯುವ ಕಾಲದಲ್ಲಿ ಪ್ರತಿಯ ಮೇಲಿನ ಚೀಟಿಯಲ್ಲಿ ಯಾರಾದರೂ ಪೆನ್ನಿನಿಂದ ಹೆಸರು ಬರೆದಿಡುತ್ತಿದ್ದರು. ಇಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ತುಣುಕಿಗೆ ಆ ಚೀಟಿಯೂ ಇಲ್ಲ. ಅಜ್ಜಿ ಒಂದು ಏರುಶ್ರುತಿಯ ಆಲಾಪವನ್ನು ಕೇಳಿದೊಡನೆ ಕೈಯ ಕೆಲಸ ನಿಲ್ಲಿಸಿ ‘ನಾವಡರು!’ ಎನ್ನುತ್ತಾಳೆ. ಮೊಮ್ಮಗನಿಗೆ ಅದು ಯಾರೋ ಹಾಡಿದ ಯಾವುದೋ ಹಾಡು. ಅಜ್ಜಿಯಿಲ್ಲದ ಮನೆಯಲ್ಲಿ ಅದು ಅಷ್ಟೇ ಆಗಿ ಉಳಿಯುತ್ತದೆ.

ಚಿತ್ರಗಳಿಗೂ ಇದೇ ಪಾಡು. ಇಡೀ ರಾತ್ರಿ ಚಳಿಯಲ್ಲಿ ನಿಂತು ಆಟವನ್ನು ಚಿತ್ರಿಸಿದವನು ಮೂಲೆಯಲ್ಲಿ ತನ್ನ ಚಿಕ್ಕ ಮುದ್ರೆಯನ್ನು ಇಡುತ್ತಾನೆ. ಅದನ್ನು ಪಡೆದವನು ಎರಡು ನಿಮಿಷದ ಕುಣಿತವನ್ನು ಮಾತ್ರ ಕತ್ತರಿಸಿ, ಮೂಲೆಯನ್ನು ಹೊರಗಿಟ್ಟು ಚೌಕಟ್ಟನ್ನು ಕಿರಿದುಗೊಳಿಸಿ, ಹತ್ತು ಜನರಿಗೆ ಕಳುಹಿಸುತ್ತಾನೆ. ಕೆಲವೊಮ್ಮೆ ಆ ಜಾಗದಲ್ಲಿ ತನ್ನ ಹೆಸರನ್ನೇ ಅಂಟಿಸುತ್ತಾನೆ. ಹೆಚ್ಚಿನವರು ಇದನ್ನು ಕೆಡುಕಿನ ಮನಸ್ಸಿನಿಂದ ಮಾಡುವುದಿಲ್ಲ, ಚೆನ್ನಾಗಿದೆಯೆಂಬ ಸಂತೋಷದಿಂದಲೇ ಮಾಡುತ್ತಾರೆ. ಆದರೆ ನಮ್ಮ ದೇಶದ ಕಾನೂನು ಇದನ್ನು ಕಾಣದೆ ಬಿಟ್ಟಿಲ್ಲ. 1957ರ ಕೃತಿಸ್ವಾಮ್ಯದ ಅಧಿನಿಯಮವು ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಕೊಟ್ಟಿತು. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ಆ ಹೆಸರಿನ ಹಕ್ಕು ಅವನದೇ. 1994ರ ತಿದ್ದುಪಡಿಯಿಂದ ಹಾಡುವವರು, ನಟಿಸುವವರು, ಕುಣಿಯುವವರು ಮುಂತಾದ ಪ್ರದರ್ಶಕರಿಗೂ ಹಕ್ಕುಗಳು ದೊರೆತವು. 2012ರಲ್ಲಿ ಇನ್ನೊಂದು ವಿಧಿ ಸೇರಿತು: ಕೃತಿಯ ಹೆಸರು, ಕರ್ತೃವಿನ ಅಥವಾ ಪ್ರದರ್ಶಕನ ಹೆಸರು, ಒಡೆಯನ ಹೆಸರು ಮೊದಲಾದ ಗುರುತಿನ ವಿವರಗಳನ್ನು ಅಧಿಕಾರವಿಲ್ಲದೆ ತಿಳಿದೂ ತಿಳಿದೂ ತೆಗೆದುಹಾಕಿದವನಿಗೆ ಎರಡು ವರ್ಷಗಳವರೆಗೆ ಸೆರೆ ಮತ್ತು ದಂಡ. ಮೇಲಿಯೆಸ್‌ನ ಕಾಲದಲ್ಲಿ ಇಂಥದೊಂದು ವಿಧಿಯಿದ್ದಿದ್ದರೆ ಅವನ ನಕ್ಷತ್ರ ಗೋಡೆಗೆ ಏರಬೇಕಾಗಿರಲಿಲ್ಲ.

ರಂಗಸ್ಥಳದಲ್ಲಿ ಮಾತ್ರ ಮೇಳದವರು ಮೊದಲಿನಿಂದಲೂ ಹುಂಜದ ಉಪಾಯವನ್ನೇ ಅನುಸರಿಸುತ್ತ ಬಂದಿದ್ದಾರೆ, ಅದು ಉಪಾಯವೆಂಬ ಅರಿವಿಲ್ಲದೆಯೇ. ಭಾಗವತರು ಕುಳಿತುಕೊಳ್ಳುವ ಹಿಂದಿನ ಪರದೆಯ ಮೇಲೆ ಅನೇಕ ಮೇಳಗಳು ತಮ್ಮ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿರುತ್ತವೆ. ಮೊಬೈಲಿನ ತುಣುಕಿನಲ್ಲಿ ಮೂಲೆಯ ಮುದ್ರೆ ಕತ್ತರಿಸಿಹೋಗಿರಬಹುದು, ಮೊದಲಿನ ಹೆಸರುಗಳು ಇಲ್ಲದಿರಬಹುದು. ಕುಣಿಯುತ್ತಿರುವ ವೇಷ ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಮುಂಡಾಸಿನ ಹಿಂದಿನಿಂದ ಎರಡು ಅಕ್ಷರಗಳು ಕಾಣುತ್ತವೆ. ಇನ್ನೊಂದು ಸುತ್ತು ತಿರುಗಿದಾಗ ಮತ್ತೆರಡು. ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಅವನ್ನು ಕೂಡಿಸಿದ ಹುಡುಗನೊಬ್ಬ ‘ಸಾಲಿಗ್ರಾಮ’ ಎಂದು ಗಟ್ಟಿಯಾಗಿ ಓದುತ್ತಾನೆ. ಒಳಗಿನಿಂದ ಅಜ್ಜಿ ಕೇಳುತ್ತಾಳೆ, ಭಾಗವತರು ಯಾರೆಂದು.